ಬೀಗಿತ್ತಿಯ ವಂಶವೃಕ್ಷಕ್ಕೆ ನಾನು ಕಟ್ಟಿದ ಕಸಿ

ನಾನು ಓದಿರುವುದು ನಾಲ್ಕನೇ ಕ್ಲಾಸು. ಆದರೆ ನೆಂಟಸ್ತನ ಬಿಡಿಸುವುದರಲ್ಲಿ ನಾನು ಡಾಕ್ಟರು! ಮದುವೆ ಮನೆಯಲ್ಲಿ ಹೊಸ ಮುಖ ಕಂಡರೆ ಸಾಕು, ತಾಯಿಯ ತವರು ಯಾವುದು, ಅತ್ತಿಗೆ ಯಾರ ಮನೆಯ ಮಗಳು ಎಂದು ಎರಡು ಮಾತು ಕೇಳಿ, ಊಟದ ಎಲೆ ಹಾಕುವಷ್ಟರಲ್ಲಿ "ಹಂಗಾದ್ರೆ ನೀವು ನಂಗೆ ಅಣ್ಣನ ವರಸೆ ಆಗ್ಬೇಕು" ಎಂದು ತೀರ್ಪು ಕೊಟ್ಟುಬಿಡುತ್ತೇನೆ. ಇಲ್ಲಿಯವರೆಗೆ ಒಂದು ತೀರ್ಪೂ ತಪ್ಪಿರಲಿಲ್ಲ. ಅಮೆರಿಕಕ್ಕೆ ಬಂದೆ ನೋಡಿ, ನನ್ನ ಗಂಡ ಯಾರು ಎಂಬುದರಲ್ಲೇ ತಪ್ಪಿದೆ!

ಮೊಮ್ಮಗಳು ಮೇಘನಾ ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದ ಈ ಮಿಲ್ ಕ್ರೀಕ್ ಊರಿನಲ್ಲೇ. ಅವಳು ಇವಾನ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಅಂದಾಗ ನನ್ನ ಮಗ ಸತೀಶ, ಸೊಸೆ ಕವಿತಾ ಸ್ವಲ್ಪ ದಿನ ಮುಖ ಇಳಿಸಿಕೊಂಡಿದ್ದರಂತೆ. ನಾನು ಇಳಿಸಲಿಲ್ಲ. ಆ ಹುಡುಗ ನನ್ನ ಕಾಲಿಗೆ ಬಿದ್ದು ಎದ್ದು, ನಾನು ಮಾಡಿದ ಬಸ್ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡ. ಅಲ್ಲಿಗೆ ನನ್ನ ಪಾಲಿಗೆ ಮದುವೆ ಆಗಿಹೋಯಿತು! ಸಂತೋಷಕ್ಕೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪಕ್ಕದ ಮನೆಯ ತೆಲುಗಿನಮ್ಮನಿಗೆ, ಪಾರ್ಕಿನಲ್ಲಿ ನಡೆಯುವ ಚೀನಾದ ಅಜ್ಜನಿಗೆ, ಟಪಾಲು ಹಾಕುವ ಹುಡುಗಿಗೆ, ಎಲ್ಲರಿಗೂ "ಗ್ರ್ಯಾಂಡ್ ಡಾಟರ್ ಮ್ಯಾರೇಜ್!" ಎಂದು ಹೇಳಿ ಕೈಗೆ ಕಲ್ಲುಸಕ್ಕರೆ ಇಟ್ಟೆ. ಟಪಾಲಿನ ಹುಡುಗಿ ಈಗಲೂ ನನ್ನನ್ನು ಕಂಡರೆ ಗಾಡಿಯಿಂದ ಇಳಿಯುವುದಿಲ್ಲ.

ಹುಡುಗನ ತಾಯಿ ಫಿಯೋನಾ ಹತ್ತಿರದ ಕರ್ಕ್‌ಲ್ಯಾಂಡ್ ಊರಿನಲ್ಲಿ ಇರುವವರು. ಮೇಷ್ಟರ ಕೆಲಸದಿಂದ ರಿಟೈರ್ ಆಗಿದ್ದಾರೆ. ಅವರ ಹಿರಿಯರು ಸ್ಕಾಟ್‌ಲ್ಯಾಂಡಿನವರು. ಆ ದೇಶದ ಹಳೇ ಕಾಲದ ದೊರೆಮನೆತನಗಳಲ್ಲಿ ಯಾರು ಯಾರಿಗೆ ಹುಟ್ಟಿದರು, ಯಾರು ಯಾರನ್ನು ಕಟ್ಟಿಕೊಂಡರು ಎಂದು ಹುಡುಕುವುದೇ ಈಗ ಅವರ ಕೆಲಸ.

"ಇಷ್ಟೇನಾ? ನನ್ನತ್ರ ಕಳ್ಸು, ಒಂದು ಗಳಿಗೇಲಿ ಬಿಡಿಸಿಕೊಡ್ತೀನಿ" ಎಂದೆ ಸೊಸೆಗೆ.

"ಅತ್ತೆ, ಅದು ಆರೇಳು ನೂರು ವರ್ಷದ ಹಿಂದಿಂದು" ಎಂದಳು ಕವಿತಾ.

"ಆಗ್ಲೂ ಮಕ್ಕಳು ಅವ್ವ ಅಪ್ಪನಿಗೇ ತಾನೇ ಹುಟ್ತಿದ್ದಿದ್ದು?"

ಮುಂದಿನ ವಾರವೇ ಫಿಯೋನಾ ಬಂದರು. ಮಗ ಸೊಸೆ ಆಫೀಸಿಗೆ ಹೋಗಿದ್ದರು, ಮೇಘನಾ ಕೂಡ. ನಮ್ಮ ಯಜಮಾನರು ಪಾರ್ಕಿಗೆ ಹೋಗಿದ್ದರು. ನನ್ನ ಇಂಗ್ಲಿಷು ಕಲ್ಲುಸಕ್ಕರೆ ಹಂಚುವಷ್ಟೇ. ಆದರೂ ತೊಂದರೆಯಾಗಲಿಲ್ಲ. ಅವರು ಹೇಳಿದ್ದನ್ನು ಅವರ ಫೋನೇ ಕನ್ನಡದಲ್ಲಿ ಹೇಳುತ್ತಿತ್ತು, ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ ಒಪ್ಪಿಸುತ್ತಿತ್ತು. ಫೋನಿನೊಳಗಿನ ಹೆಂಗಸು ಮಾತ್ರ ಕೋರ್ಟಿನಲ್ಲಿ ನಿಂತವಳ ಹಾಗೆ ಮಾತಾಡುತ್ತಿದ್ದಳು.

"ನಿಮ್ಮನ್ನು ಭೇಟಿಯಾಗಿ ಅತೀವ ಸಂತೋಷವಾಗಿದೆ. ದಯವಿಟ್ಟು ಆಸೀನರಾಗಿ" ಎಂದಳು. ನನ್ನ ಮಗನ ಮನೆಯಲ್ಲೇ ನಾನು ಅಪ್ಪಣೆ ಪಡೆದು ಕುಳಿತೆ.

ಫಿಯೋನಾ ಊಟದ ಮೇಜಿನ ತುಂಬ ಒಂದು ಹಾಳೆ ಹಾಸಿದರು. ಹಾಳೆಯ ತುಂಬ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ಗೆರೆಗಳು. ಮೇಲಿನ ಸಾಲಿನಲ್ಲಿ ಇದ್ದವರೆಲ್ಲ ಅರ್ಲ್‌ಗಳಂತೆ. ಅರ್ಲ್ ಎಂದರೆ ನಮ್ಮ ಕಡೆಯ ಪಾಳೇಗಾರ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನ ಮೊಮ್ಮಗಳು ಪಾಳೇಗಾರರ ಮನೆಗೆ ಸೊಸೆಯಾಗಿ ಹೋಗುತ್ತಿದ್ದಾಳೆ! ಎದೆ ಉಬ್ಬಿ ರವಿಕೆಯ ಹುಕ್ಕು ಕಿತ್ತುಹೋಗದಿದ್ದದ್ದು ಪುಣ್ಯ.

ಗಂಡಸರೆಲ್ಲ ಜಾನ್, ರಾಬರ್ಟ್, ವಿಲಿಯಂ. ಹೆಂಗಸರಲ್ಲಿ ಅರ್ಧಕ್ಕರ್ಧ ಮಾರ್ಗರೆಟ್. ಯಾವ ರಾಬರ್ಟ್ ಯಾರೆಂದು ತಿಳಿಯುವುದು ಹೇಗೆ? ಹಳೆಯ ಜಮೀನು ಪತ್ರಗಳಿಂದಂತೆ. ದೊರೆ ಚರ್ಚಿಗೆ ಹೊಲ ಬಿಟ್ಟುಕೊಟ್ಟರೆ, ಇಂಥವನ ಮಗನಾದ ನಾನು, ಇಂಥವನ ಮಗಳಾದ ನನ್ನ ಹೆಂಡತಿಯ ಒಪ್ಪಿಗೆಯಿಂದ ಎಂದು ಬರೆಸಿ ಅರಗಿನ ಮುದ್ರೆ ಒತ್ತುತ್ತಿದ್ದನಂತೆ. ಫಿಯೋನಾ ಒಬ್ಬ ಮಾರ್ಗರೆಟ್‌ಳನ್ನು ತೋರಿಸಿದರು. ಒಂದು ಪತ್ರದಲ್ಲಿ ಅವಳು ಜಾನ್‌ನ ಮಗ ರಾಬರ್ಟ್‌ನ ಹೆಂಡತಿ. ಇನ್ನೊಂದರಲ್ಲಿ ವಿಲಿಯಂನ ಮಗ ರಾಬರ್ಟ್‌ನ ಹೆಂಡತಿ.

"ಒಂದು ಸುಳ್ಳಿರಬೇಕು" ಎಂದು ನಾನು ತೀರ್ಪು ಕೊಟ್ಟೆ.

"ಇಲ್ಲ. ಎರಡೂ ಸತ್ಯ. ಪ್ರಥಮ ಪತಿ ಮೃತನಾದ ನಂತರ ಆಕೆ ಪುನರ್ವಿವಾಹವಾದಳು. ದಾಖಲೆಗಳು ಭಿನ್ನವಾಗಿದ್ದರೆ ಯಾವುದನ್ನೂ ತಳ್ಳಿಹಾಕಬಾರದು" ಎಂದಳು ಫೋನಿನವಳು.

ಒಳ್ಳೆಯ ಮಾತು ಎಂದು ತಲೆಯಾಡಿಸಿದೆ. ಆಮೇಲೆ ಫಿಯೋನಾ ಬೆರಳು ಇನ್ನೊಂದು ಜೋಡಿಯ ಮೇಲೆ ಹೋಯಿತು.

"ಈ ದಂಪತಿಗೆ ರೋಮ್‌ನ ಧರ್ಮಗುರುಗಳಿಂದ ಅನುಮತಿ ಪತ್ರ ಬೇಕಾಯಿತು. ಅವರು ರಕ್ತಸಂಬಂಧಿಗಳು. ನಾಲ್ಕು ತಲೆಮಾರುಗಳೊಳಗಿನ ವಿವಾಹ ನಿಷಿದ್ಧ. ಅನುಮತಿ ಇಲ್ಲದ ವಿವಾಹ ವಿವಾಹವೇ ಅಲ್ಲ. ಅವರ ಸಂತತಿಗೆ ಯಾವ ಹಕ್ಕೂ ಇಲ್ಲ."

ಕಾಫಿ ಲೋಟ ನನ್ನ ಬಾಯಿಯ ಹತ್ತಿರವೇ ನಿಂತುಹೋಯಿತು.

ಯಾಕೆಂದರೆ ನಮ್ಮ ಯಜಮಾನರು ಕೆಂಪಣ್ಣ, ನನ್ನ ಹೆತ್ತ ತಾಯಿಯ ಸ್ವಂತ ತಮ್ಮ! ನನ್ನ ಸೋದರಮಾವ! ನಮ್ಮ ಕಡೆ ಅಕ್ಕನ ಮಗಳನ್ನು ತರುವುದೇ ಮೊದಲ ಹಕ್ಕು. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ "ಇವಳು ನನ್ನ ತಮ್ಮನಿಗೆ" ಎಂದು ಹೇಳಿಬಿಟ್ಟಿದ್ದಳಂತೆ. ಅದರಲ್ಲಿ ಕೇಳುವುದೇನು, ಹೇಳುವುದೇನು? ಆದರೆ ಇವರ ಲೆಕ್ಕದಲ್ಲಿ ನಾಲ್ಕು ತಲೆಮಾರಿನ ದೂರ ಬೇಕು. ನಾನೋ, ಅಡಿಗೆಮನೆಯಿಂದ ಹಜಾರಕ್ಕೆ ಹೋದಷ್ಟು ದೂರದಲ್ಲಿ ಮದುವೆಯಾದವಳು. ಅಂದರೆ ನನ್ನದು ಮದುವೆಯೇ ಅಲ್ಲ. ಸತೀಶನಿಗೆ ಹಕ್ಕಿಲ್ಲ. ಮೇಘನಾ? ಪಾಳೇಗಾರರ ಮನೆಯವರು ಇದನ್ನು ತಿಳಿದರೆ ನನ್ನ ಮೊಮ್ಮಗಳನ್ನು ಒಳಗೆ ಬಿಟ್ಟುಕೊಂಡಾರೆಯೇ?

ಅದೇ ಗಳಿಗೆಯಲ್ಲಿ ಫೋನಿನವಳು ಮತ್ತೆ ಬಾಯಿ ಬಿಟ್ಟಳು.

"ನಿಶ್ಚಿತಾರ್ಥದ ದಿನ ಉಭಯ ಕುಟುಂಬಗಳ ವೃಕ್ಷವನ್ನು ಗೋಡೆಯ ಮೇಲೆ ಪ್ರದರ್ಶಿಸಲು ಇಚ್ಛಿಸುತ್ತೇನೆ. ನಿಮ್ಮ ಪತಿಯ ತಂದೆಯ ಹೆಸರೇನು?"

ನನ್ನ ಗಂಡನ ಅಪ್ಪ ಬೋರೇಗೌಡರು. ನನ್ನ ಅವ್ವನ ಅಪ್ಪನೂ ಅದೇ ಬೋರೇಗೌಡರು. ಒಬ್ಬನೇ ಮನುಷ್ಯ ಎರಡು ಡಬ್ಬಿಯಲ್ಲಿ ಕೂತರೆ ನನ್ನ ಕಥೆ ಮುಗಿಯಿತು!

"ಸಿದ್ದೇಗೌಡ" ಎಂದುಬಿಟ್ಟೆ.

ಸಿದ್ದೇಗೌಡ ಯಾರು? ನನಗೂ ಗೊತ್ತಿಲ್ಲ!

ಒಂದು ಹೆಸರು ಹೇಳಿದರೆ ಬಿಡುತ್ತಾರೆ ಅಂದುಕೊಂಡಿದ್ದೆ. ಹುಡುಕುವವರ ಹಸಿವು ನನಗೆ ಗೊತ್ತಿರಲಿಲ್ಲ. ಊರು ಯಾವುದು? ಕೊಳ್ಳೇಗಾಲ. ಉದ್ಯೋಗ? ಆನೆ ಹಿಡಿಯುವುದು. ಸತ್ತದ್ದು ಹೇಗೆ? ಸತ್ತರೆ ಮಾತು ಮುಗಿಯುತ್ತದೆಂದು "ಆನೆ ತುಳಿದು" ಎಂದೆ. ಮಾತು ಅಲ್ಲಿಂದಲೇ ಶುರುವಾಯಿತು! ಫಿಯೋನಾ ಕಣ್ಣಲ್ಲಿ ನೀರು ತುಂಬಿಕೊಂಡು, ಆ ತಾಯಿ ಮಕ್ಕಳನ್ನು ಹೇಗೆ ಸಾಕಿದಳು ಎಂದು ಕೇಳಿದರು. ರಾಗಿ ಬೀಸಿ ಸಾಕಿದಳು ಎಂದೆ. ಹೇಳುತ್ತ ಹೇಳುತ್ತ ನನಗೂ ಅಳು ಬಂತು. ಇಲ್ಲದ ಮಾವನಿಗಾಗಿ ನಾವಿಬ್ಬರು ಬೀಗಿತ್ತಿಯರು ಒಂದೇ ಟಿಶ್ಯೂ ಡಬ್ಬಿ ಖಾಲಿ ಮಾಡಿದೆವು.

ಈಗ ಉಳಿದ ಅಪಾಯ ಒಂದೇ. ನಮ್ಮ ಯಜಮಾನರು! ಅವರಿಗೆ ಯಾರು ಸಿಕ್ಕರೂ ಮೊದಲು ಹೇಳುವ ಮಾತೇ "ಇವಳು ನಮ್ಮಕ್ಕನ ಮಗಳು, ಬಿಡಲಿಲ್ಲ, ನಾನೇ ಕಟ್ಕಂಡೆ" ಎಂದು. ಅವರಿಗೆ ಗುಟ್ಟು ಹೇಳುವುದೂ ಒಂದೇ, ತಮಟೆ ಹೊಡೆಸುವುದೂ ಒಂದೇ. ಹಾಗಾಗಿ ಫಿಯೋನಾ ಬಂದಾಗಲೆಲ್ಲ ಅವರನ್ನು ಗ್ಯಾರೇಜಿಗೆ ಅಟ್ಟಿದೆ.

"ಏನೂಂದ್ರೆ, ಗ್ಯಾರೇಜಲ್ಲಿ ಹುಣಸೆಹಣ್ಣು ಅದೆ, ತಕ್ಕೊಂಡು ಬನ್ನಿ."

"ಎಲ್ಲಮ್ಮಿ ಅದೆ? ಮೊನ್ನೇನೂ ಇದ್ನೇ ಹೇಳ್ದೆ. ಇಡೀ ಗ್ಯಾರೇಜು ಕೆದಕ್ದೆ, ಒಂದು ಬೀಜಾನೂ ಸಿಗ್ನಿಲ್ಲ."

"ಕಣ್ಣು ಬಿಟ್ಟು ಹುಡುಕಿ! ಸಿಗೋತನಕ ಬರಬೇಡಿ."

ಪಾಪ, ಒಂದು ದಿನ ಒಳಗೇ ಕುರ್ಚಿ ಹಾಕಿಕೊಂಡು ನಿದ್ದೆ ಮಾಡಿದ್ದರು. ಸತೀಶ ಬಾಗಿಲು ತೆಗೆದು ಕಾರು ಒಳಗೆ ತಂದಾಗ ಬೆಚ್ಚಿಬಿದ್ದು ಎದ್ದರು.

ನಿಶ್ಚಿತಾರ್ಥ ಹತ್ತಿರ ಬಂದಹಾಗೆ ನನಗೆ ಊಟ ಸೇರದಾಯಿತು. ಫಿಯೋನಾ ನಕ್ಕರೆ ಗೊತ್ತಾಗಿದೆ ಎಂದು ಹೆದರುತ್ತಿದ್ದೆ, ನಗದಿದ್ದರೆ ಖಂಡಿತ ಗೊತ್ತಾಗಿದೆ ಎಂದು ನಡುಗುತ್ತಿದ್ದೆ. ಅಷ್ಟರಲ್ಲಿ ಕವಿತಾ ಬಳೆ ಕೊಳ್ಳಲು ಟಕ್ವಿಲಾದ ದೊಡ್ಡ ಮಾಲ್‌ಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಪ್ರಿಂಟ್ ಮಾಡಿಸಿದ ವಂಶವೃಕ್ಷವನ್ನೂ ತೆಗೆದುಕೊಂಡಳು. ಒನಕೆಯಷ್ಟು ಉದ್ದದ ರಟ್ಟಿನ ಕೊಳವೆ, ಬಾಯಿಗೆ ಟೇಪು.

"ಅತ್ತೆ, ಇದನ್ನ ಜೋಪಾನವಾಗಿ ಹಿಡ್ಕೊಂಡಿರಿ, ಕಾರಲ್ಲಿಟ್ರೆ ಬೆಂಡ್ ಆಗುತ್ತೆ" ಎಂದಳು.

ನನ್ನ ಮನಸ್ಸಿಗೆ ಬಂದದ್ದು ಒಂದೇ. ಇದು ಗೋಡೆ ಏರಿದರೆ ಯಜಮಾನರ ಮುಂದೆ ಸಿದ್ದೇಗೌಡ ಬಯಲಾಗುತ್ತಾನೆ, ಇದು ಕಳೆದುಹೋಗಬೇಕು! ಬೆಂಚಿನ ಕೆಳಗೆ ಇಟ್ಟು, ಏನೂ ಅರಿಯದವಳ ಹಾಗೆ ನಡೆದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಬಾಗಿಲಷ್ಟು ಅಗಲದ ಒಬ್ಬ ಮನುಷ್ಯ "ಮ್ಯಾಮ್! ಮ್ಯಾಮ್!" ಎಂದು ಓಡಿ ಬಂದು ಕೈಗೆ ಕೊಟ್ಟ. ಈ ದೇಶದಲ್ಲಿ ಒಂದು ವಸ್ತುವನ್ನು ನೆಮ್ಮದಿಯಾಗಿ ಕಳೆದುಕೊಳ್ಳುವ ಹಾಗೂ ಇಲ್ಲ! ಥ್ಯಾಂಕ್ಯೂ ಹೇಳಿ, ಅವನು ಮರೆಯಾದ ಮೇಲೆ ಕಸದ ಡಬ್ಬಿಗೆ ತುರುಕಿದೆ. ಅರ್ಧ ಒಳಗೆ ಹೋಯಿತು, ಅರ್ಧ ಧ್ವಜಗಂಬದ ಹಾಗೆ ನಿಂತಿತು.

"ಅತ್ತೆ! ಏನ್ ಮಾಡ್ತಿದೀರಾ?"

"ಕೈ ನೋಯ್ತಿತ್ತು ಕವಿತಾ, ಒಂಚೂರು ಒರಗಿಸಿದ್ದೆ."

ನಿಶ್ಚಿತಾರ್ಥ ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ. ಸುತ್ತಮುತ್ತಲ ಕನ್ನಡದವರೆಲ್ಲ ರೇಷ್ಮೆ ಸೀರೆಯುಟ್ಟು ಬಂದಿದ್ದರು. ಗೋಡೆಯ ತುಂಬ ಹಾಳೆ. ಒಂದು ಕಡೆ ಅರ್ಲ್‌ಗಳು, ಇನ್ನೊಂದು ಕಡೆ ನಾವು. ನಾನು ಹಾಳೆಯ ಮುಂದೆ ಸೆರಗು ಹರಡಿಕೊಂಡು ನಿಂತೆ. ಆದರೆ ಗೋಡೆ ಅಗಲ, ನಾನು ಕುಳ್ಳಿ.

"ನಮ್ಮ ಹೆಸ್ರು ಎಲ್ಲದೆ, ಓದಮ್ಮ" ಎಂದರು ಯಜಮಾನರು, ಕವಿತಾಳ ಗೆಳತಿ ಶೈಲಜಾಗೆ. ಅವಳ ಗಂಟಲು ಮೊದಲೇ ದೊಡ್ಡದು.

"ಇಲ್ಲಿದೆ ಅಂಕಲ್! ಆಂಟಿ ಹೆಸರು, ಪುಟ್ಟತಾಯಮ್ಮ. ಫಸ್ಟ್ ಹಸ್ಬೆಂಡ್, ಬೋರೇಗೌಡರ ಮಗ ಕೆಂಪಣ್ಣ, ತಾಯಿಯ ತಮ್ಮ. ಸೆಕೆಂಡ್ ಹಸ್ಬೆಂಡ್..." ಅವಳ ದನಿ ಇಳಿಯಿತು. "ಸಿದ್ದೇಗೌಡರ ಮಗ ಕೆಂಪಣ್ಣ."

ಯಾರೋ ತಿನ್ನುತ್ತಿದ್ದ ಚಕ್ಕುಲಿ ಮುರಿದ ಸದ್ದು ಕೇಳಿಸಿತು.

"ಮೊದಲ್ನೇ ಕೆಂಪಣ್ಣ ಏನಾದ?" ಎಂದು ಕೇಳಿದರು ಯಜಮಾನರು.

"ಎರಡನೇ ಮದುವೆಗೆ ಮುಂಚೇನೇ ತೀರ್ಕೊಂಡ್ರು ಅಂತಿದೆ ಅಂಕಲ್."

ಯಜಮಾನರು ನನ್ನ ಕಡೆ ತಿರುಗಿದರು. "ಪುಟ್ಟೀ, ನಾನು ಯಾವಾಗ್ ಸತ್ತೆ?"

ನಾನು ಸೆರಗನ್ನು ಇನ್ನಷ್ಟು ಅಗಲ ಮಾಡಿದೆ.

"ಹೋಗ್ಲಿ ಬುಡು. ಸತೀಶ ಯಾರ ಮಗ?"

ಶೈಲಜಾ ಹಾಳೆಯ ಹತ್ತಿರ ಮೂಗು ತಂದಳು. "ಚುಕ್ಕೆ ಗೆರೆ ಹಾಕಿದಾರೆ ಅಂಕಲ್. ಅನುಮಾನ ಇದೆ ಅಂತ."

ಅಷ್ಟರಲ್ಲಿ ಫಿಯೋನಾ ಬಂದು, ನನ್ನ ಎರಡು ಕೈಯನ್ನೂ ಹಿಡಿದು, ಫೋನಿಗೆ ಏನೋ ಹೇಳಿದರು. ಫೋನಿನವಳು ಎಲ್ಲರಿಗೂ ಕೇಳುವ ಹಾಗೆ ಒದರಿದಳು. "ನೀವು ಸೋದರಮಾವನನ್ನು ವರಿಸಿದ ಸಂಗತಿಯನ್ನು ಮೇಘನಾ ಮೊದಲೇ ತಿಳಿಸಿದ್ದಳು. ನೀವು ಸಿದ್ದೇಗೌಡರ ಪುತ್ರನನ್ನು ಹೇಳಿದಿರಿ. ದಾಖಲೆಗಳು ಭಿನ್ನವಾಗಿದ್ದವು. ನಾನು ಯಾವುದನ್ನೂ ತಳ್ಳಿಹಾಕಲಿಲ್ಲ. ನಿಮ್ಮ ಪ್ರಥಮ ಪತಿಯ ಅಗಲಿಕೆಗೆ ನನ್ನ ಸಂತಾಪಗಳು."

ಪ್ರಥಮ ಪತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು!

ಮುಗಿಯಿತು, ಮದುವೆ ಮುರಿಯಿತು ಎಂದುಕೊಂಡು ನಾನು ಅಲ್ಲೇ ಕುಸಿದೆ. "ಸಿದ್ದೇಗೌಡ ಇಲ್ಲ ತಾಯಿ! ಆನೇನೂ ಇಲ್ಲ! ಇವರೊಬ್ರೇ ನನ್ನ ಗಂಡ, ಇವರೇ ನನ್ನ ಸೋದರಮಾವ. ರೋಮ್‌ಗೆ ನಾನೇ ಬರೀತೀನಿ, ದಂಡ ಕಟ್ಟು ಅಂದ್ರೆ ಕಟ್ತೀನಿ, ನಮ್ಮ ಹುಡುಗಿ ಮದುವೆ ಮಾತ್ರ ನಿಲ್ಲಿಸಬೇಡಿ!" ಎಂದು ಫೋನನ್ನೇ ಹಿಡಿದುಕೊಂಡು ಅತ್ತೆ.

ಮೇಘನಾ ಓಡಿ ಬಂದು ನೆಲದ ಮೇಲೆ ನನ್ನ ಪಕ್ಕ ಕುಳಿತಳು. "ಅಜ್ಜೀ! ಓ ಮೈ ಗಾಡ್! ಶೀ ನ್ಯೂ! ಐ ಟೋಲ್ಡ್ ಹರ್ ದ ಫಸ್ಟ್ ಡೇ! ಶೀ ಲವ್ಡ್ ಇಟ್!"

ನನ್ನ ಮಾತು ಫೋನಿನಿಂದ ಇಂಗ್ಲಿಷಾಗಿ ಹೊರಬಂದಂತೆಲ್ಲ ಫಿಯೋನಾ ಮುಖ ಬಣ್ಣ ಬದಲಾಯಿಸುತ್ತಿತ್ತು. ಕೊನೆಗೆ ಅವರೂ ಅವತ್ತಿಗೆಂದು ಉಟ್ಟಿದ್ದ ಸೀರೆಯನ್ನು ಮುದ್ದೆ ಮಾಡಿಕೊಂಡು ನನ್ನ ಎದುರು ನೆಲದ ಮೇಲೆ ಕುಳಿತರು. ನಾಲ್ಕು ತಲೆಮಾರಿನ ಆ ಕಟ್ಟಳೆ ಆ ಕಾಲದ್ದಂತೆ. ಅದನ್ನು ಈಗ ಯಾರಿಗೂ ಯಾರೂ ಹಾಕುತ್ತಿಲ್ಲವಂತೆ. ಅವತ್ತು ಕೇಳಿದ್ದರೆ ಅವರೇ ಹೇಳುತ್ತಿದ್ದರಂತೆ. ಕೇಳಲು ನನಗೆ ಪುರುಸೊತ್ತೆಲ್ಲಿತ್ತು? ನಾನು ಆನೆ ಹುಡುಕುತ್ತಿದ್ದೆ!

"ನಾನು ತೋರಿಸಿದ ಆ ದಂಪತಿ ನನ್ನ ಪೂರ್ವಜರು" ಎಂದಳು ಫೋನಿನವಳು. "ಅವರು ಅನುಮತಿ ಇಲ್ಲದೆ ವಿವಾಹವಾದರು. ಮಕ್ಕಳು ಜನಿಸಿದ ನಂತರ ಭಯಗೊಂಡು ರೋಮ್‌ಗೆ ಬರೆದರು. ನೀವು ಭಯಗೊಂಡು ಸಿದ್ದೇಗೌಡರನ್ನು ಸೃಷ್ಟಿಸಿದಿರಿ. ನಮ್ಮ ಕುಟುಂಬಗಳು ಹೊಂದುತ್ತವೆ."

ಆಮೇಲೆ ಅವರು ಪೆನ್ನು ತೆಗೆದುಕೊಂಡು ಗೋಡೆಯ ಹತ್ತಿರ ಹೋಗಿ ಎರಡನೇ ಕೆಂಪಣ್ಣನ ಮೇಲೆ ಗೆರೆ ಎಳೆದರು. ಸಿದ್ದೇಗೌಡರ ಮೇಲೆ ಎಳೆಯುವಾಗ ಮಾತ್ರ ಸ್ವಲ್ಪ ಹೊತ್ತು ತಡೆದು ನಿಂತರು. ಅಷ್ಟು ಒಳ್ಳೆಯ ಮನುಷ್ಯನನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸೇ ಬರಲಿಲ್ಲವಂತೆ. ಸತೀಶನ ಚುಕ್ಕೆಗಳನ್ನು ಸೇರಿಸಿ ಅವನನ್ನು ಅವನ ಅಪ್ಪನಿಗೆ ಒಪ್ಪಿಸಿದರು. ಮೇಘನಾ ಮತ್ತು ಇವಾನ್ ಉಂಗುರ ಹಾಕಿಕೊಂಡರು. ನಾನು ಮತ್ತೆ ಅತ್ತೆ, ಈ ಸಲ ಇರುವವರಿಗಾಗಿ.

ಆದರೆ ಗೆರೆ ಎಳೆಯುವ ಮುಂಚೆಯೇ ಜನ ಫೋಟೋ ತೆಗೆದುಕೊಂಡಿದ್ದರು. ಮಿಲ್ ಕ್ರೀಕಿನ ಕನ್ನಡದವರ ಗ್ರೂಪಿನಲ್ಲಿ ನಾನು ಈಗಲೂ ಇಬ್ಬರು ಗಂಡಂದಿರವಳು. ದಿನಸಿ ಅಂಗಡಿಯಲ್ಲಿ ಪರಿಚಯವಿಲ್ಲದ ಒಬ್ಬಾಕೆ ಬಂದು, "ಆಂಟಿ, ಆ ಕಾಲದಲ್ಲೇ ನಿಮಗೆ ಎಷ್ಟು ಧೈರ್ಯ!" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಏನು ಹೇಳಲಿ? ಚೆನ್ನಾಗಿರಮ್ಮ ಎಂದೆ.

ಯಜಮಾನರದ್ದು ಅದಕ್ಕಿಂತ ಹೆಚ್ಚು. ನಿನ್ನೆ ಬೆಳಿಗ್ಗೆ, "ಏನೂಂದ್ರೆ, ಈ ಕಾಯಿ ಒಂಚೂರು ಒಡ್ಕೊಡಿ" ಎಂದು ಕೂಗಿದೆ. ಸೋಫಾದಿಂದ ಅಲ್ಲಾಡದೆ ಉತ್ತರ ಕೊಟ್ಟರು.

"ನಾನು ಸತ್ತು ಬೋ ದಿನ ಆಯ್ತು ಕಣಮ್ಮಿ. ಎರಡ್ನೇಯವನ್ನ ಕರಿ."