ತಲೆ ಮುಚ್ಚದ ಪುಟ

ಜೆರಾಕ್ಸ್ ಅಂಗಡಿಯ ರಹಮತುಲ್ಲಾನಿಗೆ ಪುಟದ ತಲೆಯ ಮೇಲೆ ಸಣ್ಣ ಅಕ್ಷರ ಕಂಡರೆ ಆಗುತ್ತಿರಲಿಲ್ಲ. ಹಾಳೆಯನ್ನು ಗಾಜಿನ ಮೇಲೆ ಮಲಗಿಸುವ ಮೊದಲು ಬಿಳಿ ಕಾಗದದ ಪಟ್ಟಿಯೊಂದನ್ನು ಅದರ ನೆತ್ತಿಗೆ ಅಡ್ಡ ಇಟ್ಟುಬಿಡುತ್ತಿದ್ದ. ಪುಟವೇನೋ ಕ್ಷೌರ ಮಾಡಿಸಿಕೊಂಡ ಮದುಮಗನ ಹಾಗೆ ಬರುತ್ತಿತ್ತು. ಲೇಖನ ಬರೆದವರ ಹೆಸರು, ಪತ್ರಿಕೆಯ ಹೆಸರು ಮಾತ್ರ ಕೂದಲಿನ ಜೊತೆ ಹೋಗಿರುತ್ತಿದ್ದವು.

ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಬೇಸಾಯದ ಪಾಠ ಹೇಳುವ ಶೇಖರಪ್ಪನವರು ಆರು ವರ್ಷದಿಂದ ಯಾರು ಯಾರಿಂದಲೋ ಎರವಲು ತಂದ ಐದು ಸಂಶೋಧನಾ ಲೇಖನಗಳನ್ನು ಅವನಲ್ಲಿ ಹೀಗೆ ಜೆರಾಕ್ಸ್ ತೆಗೆಸಿ, ಹೊಲಿಸಿ, ಪಠ್ಯವೆಂದು ಹಂಚುತ್ತಿದ್ದರು. 2013ರ ಆ ಸೋಮವಾರ ಮೂರು ಗಂಟೆಗೆ ಆ ಪಠ್ಯವನ್ನು ಪರಿಶೀಲಿಸಲು ಸಮಿತಿ ಬರುವುದಿತ್ತು. ಪಠ್ಯಕ್ಕೆ ಒಪ್ಪಿಗೆ ಸಿಕ್ಕರೆ ಅವರ ಕೆಲಸ ಕಾಯಂ.

ಬೆಳಿಗ್ಗೆ ಲೈಬ್ರರಿಯ ಕಲಾವತಿ ಪಠ್ಯವನ್ನು ತಿರುವಿ ನೋಡಿ ಕನ್ನಡಕ ಏರಿಸಿದರು.

"ಇದನ್ನೆಲ್ಲ ಯಾರು ಬರೆದಿದ್ದು ಸಾರ್?"

"ದೊಡ್ಡೋರು ಕಣ್ರೀ."

"ದೊಡ್ಡೋರಿಗೆ ಹೆಸರಿರಲ್ವಾ? ಯಾರ್ದು ಅಂತ ಹಾಕ್ಬೇಕು, ಅವರ ಒಪ್ಪಿಗೆ ಪತ್ರಾನೂ ಇರ್ಬೇಕು. ಸಮಿತಿಯವರು ಮೊದಲು ಕೇಳೋದೇ ಅದು."

ಶೇಖರಪ್ಪನವರು ಅಂಗಡಿಗೆ ಓಡಿದರು.

"ಏನಪ್ಪ, ಒಂದು ಪುಟದ ತಲೆನೂ ಬಿಟ್ಟಿಲ್ವಲ್ಲ ನೀನು?"

"ನೀಟಾಗಿರ್ಲಿ ಅಂತ ಸಾರ್. ಆರು ವರ್ಷ ಚೆನ್ನಾಗೈತೆ ಅಂದ್ರಲ್ಲ," ಎಂದ ರಹಮತುಲ್ಲಾ.

ಮಧ್ಯಾಹ್ನದ ಹೊತ್ತಿಗೆ ಕಲಾವತಿ ಬರೆದವರಲ್ಲಿ ಇಬ್ಬರನ್ನು ಪತ್ತೆ ಹಚ್ಚಿದರು. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಫೋನಿನಲ್ಲಿ ಅರ್ಧ ಗಂಟೆ ತಮ್ಮ ಮಂಡಿನೋವಿನ ವಿಚಾರ ಹೇಳಿ ಇಟ್ಟುಬಿಟ್ಟರು.

"ಒಪ್ಪಿಗೆ ಇಲ್ದಿರೋದನ್ನ ಕಿತ್ತಾಕಿ ಸಾರ್," ಎಂದರು ಕಲಾವತಿ.

ಕೀಳುತ್ತ ಕೀಳುತ್ತ ಪಠ್ಯ ಕೊಯ್ಲು ಮುಗಿದ ಹೊಲದಂತಾಯಿತು. ಉಳಿದದ್ದು ರಟ್ಟು ಮಾತ್ರ. ಆಗ ಶೇಖರಪ್ಪನವರಿಗೆ ಬೀರುವಿನಲ್ಲಿದ್ದ ತಮ್ಮದೇ ಲೇಖನ ನೆನಪಾಯಿತು. ರಾಜಾನುಕುಂಟೆಯಲ್ಲಿ ತಾಯಿ ಮುನಿಯಲ್ಲಮ್ಮನ ರಾಗಿ ಹೊಲದಲ್ಲಿ ನಡುನಡುವೆ ಬಿತ್ತಿದ ಅವರೆಯ ಅಕ್ಕಡಿ ಸಾಲುಗಳನ್ನು ನಾಲ್ಕು ವರ್ಷ ನೋಡಿ ಬರೆದದ್ದು. ಪತ್ರಿಕೆಯೊಂದರಲ್ಲಿ ಅಚ್ಚೂ ಆಗಿತ್ತು.

"ಇದರ ತಲೆ ಮುಚ್ಬೇಡ ಕಣಪ್ಪ. ನನ್ನ ಹೆಸರೈತೆ," ಎಂದು ರಹಮತುಲ್ಲಾನಿಗೆ ಕೊಟ್ಟರು.

"ಗಲೀಜಾಗಿ ಕಾಣ್ತದೆ ಸಾರ್," ಎನ್ನುತ್ತ ಅವನು ಪಟ್ಟಿಯನ್ನು ಪಕ್ಕಕ್ಕಿಟ್ಟ.

ಮೂರು ಗಂಟೆಗೆ ಸಮಿತಿಯ ಅಧ್ಯಕ್ಷ ರಘುನಾಥ್ ಪುಟದ ತಲೆಯ ಮೇಲೆ ಬೆರಳಿಟ್ಟು ಓದಿದರು. "ನಿಮ್ದೇ ಲೇಖನ. ಬಹಳ ಸಂತೋಷ." ಶೇಖರಪ್ಪನವರ ಎದೆ ಪೂರಿಯಂತೆ ಉಬ್ಬಿತು. ಅಷ್ಟರಲ್ಲಿ ಬೆರಳು ಅದೇ ಸಾಲಿನಲ್ಲಿ ಇನ್ನೂ ಬಲಕ್ಕೆ ಸರಿಯಿತು. "ಎಲ್ಲ ಹಕ್ಕುಗಳೂ ಪತ್ರಿಕೆಯವು ಅಂತಿದೆಯಲ್ಲ. ಅವರ ಒಪ್ಪಿಗೆ ಪತ್ರ ಎಲ್ಲಿ?"

"ಬರೆದೋನು ನಾನೇ ಸಾರ್. ಹೊಲಾನೂ ನಮ್ಮಮ್ಮಂದು."

"ಹೊಲ ಅವರದೇ ಬಿಡಿ. ಲೇಖನ ಕೊಡೋವಾಗ ಹಕ್ಕು ಬರ್ಕೊಟ್ಟು ಸೈನ್ ಹಾಕಿರ್ತೀರಲ್ಲ?"

ಹಾಕಿದ್ದರು. ಮೂರು ಕಡೆ. ಅಚ್ಚಾಗುವ ಖುಷಿಯಲ್ಲಿ ಏನಿದೆಯೆಂದು ಓದಿರಲಿಲ್ಲ.

ಕೆಲಸ ಕಾಯಂ ಆಗುವ ಮಾತು ಮುಂದಿನ ವರ್ಷಕ್ಕೆ ಹೋಯಿತು. ಸಂಜೆ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು ಶೇಖರಪ್ಪನವರು ನಡೆದದ್ದನ್ನೆಲ್ಲ ಹೇಳಿದರು. ರಹಮತುಲ್ಲಾ ಪೂರ್ತಿ ಕೇಳಿಸಿಕೊಂಡು, ಬಿಳಿ ಪಟ್ಟಿಯ ಧೂಳು ಊದಿ, ಮತ್ತೆ ಗಾಜಿನ ಮೇಲಿಟ್ಟ.

"ಇದನ್ನ ಮಡಗಿರೋದು ಮತ್ತೆ ಯಾಕೆ ಅಂದ್ಕೊಂಡ್ರಿ ಸಾರ್?"