ಲಂಗಾಟಾದ ಒಂಬತ್ತು ಸಿಂಹಗಳು

ಮೈತ್ರಿ ಮಾಡಿದ ತಪ್ಪು ಇಷ್ಟೇ: "ಇದು ಯಾಕೆ ಇಷ್ಟು ನಿಧಾನ?" ಎಂದು ಹಿರಿಯ ಸಹೋದ್ಯೋಗಿ ಸುದರ್ಶನನನ್ನು ಕೇಳಿದ್ದು. ಕಿಲಿಮಾನಿ ಬಡಾವಣೆಯ ಆ ವನ್ಯಜೀವಿ ಸಂಸ್ಥೆ ಸೇರಿ ಮೂರು ತಿಂಗಳಾದರೂ ಅವಳು ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು. ಅವಳ ಕೆಲಸ ಖಾಯಮ್ಮೋ ಇಲ್ಲವೋ ಎಂದು ಮೇಲಧಿಕಾರಿ ಗುರುದತ್ತರು ಹೇಳಬೇಕಿದ್ದದ್ದೂ ಅವತ್ತೇ ಸಂಜೆ ನಾಲ್ಕಕ್ಕೆ.

ಸಿಂಹಗಳ ಕೊರಳಿಗೆ ಕಟ್ಟಿದ ರೇಡಿಯೋ ಪಟ್ಟಿಯ ಸಂಕೇತ ಓದಿ, ಊರಿಗಂಟಿದ ವನ್ಯಜೀವಿ ಪಾರ್ಕಿನ ಬೇಲಿ ದಾಟಿದವೆಷ್ಟು ಎಂದು ಎಣಿಸುವ ಪ್ರೋಗ್ರಾಮು ಸುದರ್ಶನನಿಂದ ಹೊಸದಾಗಿ ಅವಳ ಕೈಗೆ ಬಂದಿತ್ತು. ಬರೆದವರು ಹೊರಗಿನವರು ಯಾರೋ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ಕೊಟ್ಟು ಓಡುವಂತೆ ಮಾಡಿಕೊಳ್ಳುವುದಷ್ಟೇ ಇವಳ ಪಾಲು. ಓಡಲು ಎರಡು ಗಂಟೆ.

"'ಫಾಸ್ಟ್' ಅಂತ ಒಂದು ಆಪ್ಷನ್ ಇದೆ, ಹಾಕಿ ಕಂಪೈಲ್ ಮಾಡಿ. ಕಣ್ಣು ಮುಚ್ಚಿ ಹಾಕಿ ಮೈತ್ರಿ," ಎಂದ ಸುದರ್ಶನ, ಸಾರಿಗೆ ಇಂಗು ಹಾಕಲು ಹೇಳಿದಷ್ಟು ಸಲೀಸಾಗಿ.

ಹಾಕಿದಳು. ಹನ್ನೊಂದೇ ನಿಮಿಷಕ್ಕೆ ಉತ್ತರ ಬಂತು: ಲಂಗಾಟಾ ಬಡಾವಣೆಯ ಬದಿಯ ಬೇಲಿ ದಾಟಿದ ಸಿಂಹಗಳು, ಒಂಬತ್ತು.

ಪಕ್ಕದ ಮೇಜಿನ ಟೈಪಿಸ್ಟ್ ಜೆಸ್ವಿಟಾ ಜಿರಾಫೆಯಂತೆ ಕತ್ತು ಚಾಚಿದಳು. ಅವಳ ಮನೆ ಲಂಗಾಟಾದಲ್ಲೇ.

"ಒಂಬತ್ತಾ? ಎಂತ ಮಾರಾಯ್ತಿ ಇದು! ನಮ್ಮವರು ಬಟ್ಟೆ ಒಣಗ್ಲಿಕ್ಕೆ ಹಾಕುವ ಹೊತ್ತು!"

"ಅಲ್ಲ, ಅದು... ಒಂದ್ಸಲ ನೋಡ್ಬೇಕು..."

ಮೈತ್ರಿಯ ಮಾತು ಮುಗಿಯುವಷ್ಟರಲ್ಲಿ ಜೆಸ್ವಿಟಾಳ ಗಂಡ ಕಾಜಿಟನ್ ಫೋನಿನಲ್ಲಿ ಕೊಂಕಣಿಯ ಬೈಗುಳ ತಿಂದು ಬಚ್ಚಲು ಸೇರಿ ಚಿಲಕ ಹಾಕಿಕೊಂಡಿದ್ದ. ಅವರ ವಸತಿ ಎಸ್ಟೇಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಸಿಂಹಗಳು ಹದಿನಾಲ್ಕಾಗಿದ್ದವು. ಗೇಟು ಕಾಯುವ ಅಸ್ಕಾರಿ ನೀರಿನ ಟ್ಯಾಂಕ್ ಹತ್ತಿದನಂತೆ. ಬಾಡಿಗೆ ವ್ಯಾನು ಮಟಾಟುವೊಂದು ಜನರನ್ನು ಇಳಿಸದೆ ಹಾಗೇ ತಿರುಗಿತಂತೆ.

ಮೈತ್ರಿಗೆ ತಲೆಬುಡ ತಿಳಿಯಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಇಷ್ಟು: ಒಂಬತ್ತು ಪಟ್ಟಿಗಳ ಬ್ಯಾಟರಿ ಸತ್ತಿತ್ತು. ಅಂಥವುಗಳಿಂದ ಅಂಕಿ ಬರುವುದಿಲ್ಲ. ಅಂಕಿ ಬಂದಿದೆಯೇ ನೋಡು, ಬಾರದವನ್ನು ಬಿಟ್ಟುಬಿಡು ಎಂದು ಬರೆದವರು ಬರೆದೇ ಇದ್ದರು. ಆದರೆ ಆ ಫಾಸ್ಟ್ ಆಪ್ಷನ್ನು, ಬರುವುದೆಲ್ಲ ಸರಿಯಾದ ಅಂಕಿಯೇ ಎಂದು ಕಂಪೈಲರಿಗೆ ಮೊದಲೇ ಮಾತು ಕೊಟ್ಟುಬಿಡುತ್ತದೆ. ಹಾಗಾದರೆ ಈ ತಪಾಸಣೆ ದಂಡ ಎಂದು ಕಂಪೈಲರ್ ಅದನ್ನೇ ಕಿತ್ತು ಹಾಕಿತ್ತು. ಒಳಗಿವೆಯೆಂದು ಗೊತ್ತಾಗದವೆಲ್ಲ ಹೊರಗಿನ ಲೆಕ್ಕಕ್ಕೆ ಬಿದ್ದಿದ್ದವು.

ಆಪ್ಷನ್ ತೆಗೆದು ಮತ್ತೆ ಕಂಪೈಲ್ ಮಾಡಿ, ಎರಡು ಗಂಟೆ ಉಗುರು ಕಚ್ಚುತ್ತ ಕೂತಳು. ಸೊನ್ನೆ ಬಂತು.

ನಾಲ್ಕಕ್ಕೆ ಗುರುದತ್ತರೆದುರು ನಿಂತು, ಶೌಚಾಲಯದ ಕನ್ನಡಿಯೆದುರು ಆರು ಸಲ ಅಭ್ಯಾಸ ಮಾಡಿದ್ದನ್ನು ಒಪ್ಪಿಸಿದಳು. "ಸರ್, ಬೆಳಿಗ್ಗೆ ಬಂದ ಒಂಬತ್ತು ನನ್ನ ತಪ್ಪು. ಸರಿಯಾದ್ದು ಸೊನ್ನೆ."

"ಸೊನ್ನೆನಾ?" ಗುರುದತ್ತರು ಹಳೆಯ ವರದಿಗಳನ್ನು ತಿರುವಿದರು. "ನೋಡಿ, ಹೋದ ತಿಂಗಳು ಎಂಟು. ಅದರ ಹಿಂದಿನ ತಿಂಗಳೂ ಎಂಟು. ಸುದರ್ಶನ್ ಮೂರು ವರ್ಷದಿಂದ ಮಾಡಿದ ಒಂದು ರಿಪೋರ್ಟಲ್ಲೂ ಸೊನ್ನೆ ಇಲ್ಲ."

"ಸರ್, ಅವರೂ ಅದೇ ಆಪ್ಷನ್..."

"ಬೆಳಿಗ್ಗೆ ಸರಿಯಾಗೇ ಮಾಡಿದ್ರಿ, ಆಮೇಲೆ ಕೆಡಿಸಿದ್ರಿ. ಇನ್ನೂ ಮೂರು ತಿಂಗಳು ಟ್ರಯಲ್. ಆ ಸೊನ್ನೆ ಎಲ್ಲಿಂದ ಬಂತು ಅಂತ ಹುಡುಕಿ. ಸುದರ್ಶನ್ ಹೇಳಿಕೊಡ್ತಾರೆ."

ಹೊರಬಂದ ಮೈತ್ರಿ ಜೆಸ್ವಿಟಾಳ ಮೇಜಿನ ಬಳಿ ನಿಂತಳು. "ಮೂರು ವರ್ಷದಿಂದ ಪ್ರತಿ ತಿಂಗಳೂ ಸಿಂಹಗಳು ನಿಮ್ಮ ಏರಿಯಾದಲ್ಲಿವೆ ಅಂತ ರಿಪೋರ್ಟಲ್ಲಿದೆಯಂತೆ. ನಿಮಗೆ ಗೊತ್ತೇ ಇರ್ಲಿಲ್ವಾ?"

"ಇಲ್ಲ ಮಾರಾಯ್ತಿ," ಎಂದಳು ಜೆಸ್ವಿಟಾ. "ಆ ರಿಪೋರ್ಟೆಲ್ಲ ನಾನು ಟೈಪ್ ಮಾಡಿದ್ದು ಮಾತ್ರ."