ನಮ್ಮ ಭಾವನ ಅಲೆನ್ ಚರಿತ್ರೆ

ನಮ್ಮ ಅಕ್ಕನ ಗಂಡನಿಗೆ ಸ್ವಂತ ಮದುವೆಯ ತಾರೀಖು ನೆನಪಿರುವುದಿಲ್ಲ. ಅಮೆರಿಕದಲ್ಲಿ ತಾವಿರುವ ಅಲೆನ್ ಊರಿಗೆ ರೈಲು ಬಂದ ವರ್ಷ ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ! ಮೈಸೂರಿನಲ್ಲೇ ಹುಟ್ಟಿ ಬೆಳೆದರೂ ಅರಮನೆಯೊಳಗೆ ಒಮ್ಮೆಯೂ ಕಾಲಿಡದ ಮನುಷ್ಯ ಇವರು. ಡಲ್ಲಾಸ್‌ನ ಉತ್ತರಕ್ಕೆ, ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ತೆಗೆದಂತಿರುವ ಈ ಊರಿನಲ್ಲಿ ಅದೇನು ಚರಿತ್ರೆ ಕಂಡಿತೋ!

ಅಮ್ಮ ಮೊದಲ ಸಲ ಬಂದಾಗ, ಭಾವ ಏರ್‌ಪೋರ್ಟಿನಿಂದ ಸೀದಾ ಮನೆಗೆ ಬರುವುದು ಬಿಟ್ಟು ರೈಲು ಹಳಿಯ ಪಕ್ಕ ಕಾರು ನಿಲ್ಲಿಸಿದರು.

"ಅತ್ತೆ, ಹಿಂದೆ ಟ್ರೈನ್ ದರೋಡೆ ಆಗಿದ್ದು ನಮ್ಮೂರಲ್ಲೇ!"

ದರೋಡೆಯಲ್ಲಿ ತಮಗೂ ಪಾಲು ಬಂದಿತ್ತು ಎನ್ನುವಂಥ ಹೆಮ್ಮೆ. ಅಮ್ಮ ಗಾಬರಿಯಿಂದ ಬಳೆಗಳ ಮೇಲೆ ಸೆರಗು ಎಳೆದುಕೊಂಡು, "ಕಳ್ಳರು ಇನ್ನೂ ಇಲ್ಲೇ ಇದಾರಾ?" ಎಂದರು.

ಕನ್ನಡದವರ ಯುಗಾದಿ ಕೂಟದಲ್ಲಿ ಎರಡು ನಿಮಿಷ ಸ್ವಾಗತ ಹೇಳಲು ಭಾವನ ಕೈಗೆ ಮೈಕ್ ಕೊಟ್ಟರೆ, ಇಲ್ಲಿ ಹತ್ತಿ ಬೆಳೆಯುತ್ತಿದ್ದ ಕಾಲದಿಂದ ಶುರು ಮಾಡಿದರು.

"ರೀ, ಯಾವ ಶತಮಾನದಲ್ಲಿದೀರಿ? ಬಿಸಿಬೇಳೆಬಾತ್ ಆರ್ತಿದೆ!" ಎಂದು ಅಕ್ಕ ಮುಂದಿನ ಸಾಲಿನಿಂದಲೇ ಕೂಗಿದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಮಗೇ ಎಂದುಕೊಂಡ ಭಾವ ಇನ್ನೂ ಹತ್ತು ನಿಮಿಷ ಮುಂದುವರಿಸಿದರು!

ಇಷ್ಟೆಲ್ಲ ಸರಕು ಎಲ್ಲಿಂದ? ಹಿಂದಿನ ಬೀದಿಯ ಅಮೆರಿಕನ್ ಅಜ್ಜಿಯಿಂದ. ಎಂಬತ್ತು ದಾಟಿದ ಅವರು ಹುಟ್ಟಿದ್ದೇ ಇಲ್ಲಿಯ ಹತ್ತಿ ಹೊಲದ ಮನೆಯಲ್ಲಿ. ಭಾವ ಪ್ರತಿ ಶನಿವಾರ ಡಬ್ಬಿಯಲ್ಲಿ ಉಪ್ಪಿಟ್ಟು ಒಯ್ದು, ನೋಟ್‌ಬುಕ್ ತುಂಬ ಕಥೆ ಬರೆದುಕೊಂಡು ಬರುತ್ತಿದ್ದರು.

"ಅವರಿಗೆ ಉಪ್ಪಿಟ್ಟು ಇಷ್ಟಾನಾ ಭಾವ?"

"ಗೊತ್ತಿಲ್ಲಮ್ಮ. ಡಬ್ಬಿ ಮಾತ್ರ ಚೆನ್ನಾಗಿ ತೊಳೆದು ಕೊಡ್ತಾರೆ!"

ಒಂದು ಶನಿವಾರ ನಾನೂ ಜೊತೆಗೆ ಹೋದೆ. ಅಜ್ಜಿಗೆ ಮರೆವು ಶುರುವಾಗಿತ್ತು. ಹೂಸ್ಟನ್‌ನಿಂದ ಬಂದಿದ್ದ ಮಗಳ ಹೆಸರನ್ನು ಅವಳನ್ನೇ ಎರಡು ಸಲ ಕೇಳಿದರು. ನಾನು ಮುಜುಗರದಿಂದ ಏಳಹೊರಟೆ. ಭಾವ ಕದಲಲಿಲ್ಲ. ನೋಟ್‌ಬುಕ್ ತೆರೆದು ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಓದತೊಡಗಿದರು. ಒಬ್ಬಳು ಪುಟ್ಟ ಹುಡುಗಿ, ಅಪ್ಪನ ಗಾಡಿ, ಗಾಡಿ ತುಂಬ ಹತ್ತಿ, ಅದರ ಮೇಲೆ ಮಲಗಿ ಅವಳ ಸವಾರಿ, ಮುಂದೆ ಕಂದು ಕುದುರೆ.

"ಬಿಳಿ ಕುದುರೆ!" ಎಂದರು ಅಜ್ಜಿ, ಥಟ್ಟನೆ ನೆಟ್ಟಗೆ ಕೂತು. ಆಮೇಲೆ ಕುದುರೆಯ ಹೆಸರು, ಅದರ ತುಂಟತನ ಎಲ್ಲವನ್ನೂ ತಾವೇ ಹೇಳತೊಡಗಿದರು. ಮಗಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

ಹೊರಗೆ ಬಂದ ಮೇಲೆ ಕೇಳಿದೆ, "ಕುದುರೆ ಬಣ್ಣ ತಪ್ಪಾಗಿ ಬರ್ಕೊಂಡಿದ್ರಾ ಭಾವ?"

"ಇಲ್ಲಮ್ಮ, ಬೇಕಂತಲೇ ತಪ್ಪು ಓದ್ತೀನಿ," ಎಂದರು. "ತಿದ್ದೋಕಾದ್ರೂ ಅವರು ವಾಪಸ್ ಬರ್ತಾರೆ."